ಕಂಕುಳಲ್ಲಿ ಒಯ್ಯಬಲ್ಲ ಚಿರತೆ

ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಳೆದ ಮೇ ತಿಂಗಳಲ್ಲಿ ಒಂದು ಛಾಯಾಚಿತ್ರವನ್ನು ಕಳುಹಿಸಿ, "ಮಾಷ್ಟ್ರೇ, ಇದರಲ್ಲಿ ಜೀವ ಇರುವ ಹಕ್ಕಿ ಯಾವುದು, ಹೇಳಿ ನೋಡುವ" ಎಂದು ಸವಾಲು ಹಾಕಿದ್ದ. ಹುಲ್ಲುಗಾವಲಿನ ಅಂಚಿನಲ್ಲಿ ಮೂರು ಟರ್ಕಿ ಕೋಳಿಗಳು. ಎರಡು ಹೇಂಟೆಗಳು, ಒಂದು ಎಳೆಯ ಹುಂಜ. ಒಂದು ಹೇಂಟೆ ನೆಲವನ್ನು ಕೆದಕುವ ಭಂಗಿಯಲ್ಲಿದೆ, ಇನ್ನೊಂದು ಕತ್ತೆತ್ತಿ ನೋಡುತ್ತಿದೆ. ನಾನು ಕನ್ನಡಕವನ್ನು ಒರೆಸಿಕೊಂಡು ಬಹಳ ಹೊತ್ತು ಪರಿಶೀಲಿಸಿ, ಕತ್ತೆತ್ತಿದ ಹೇಂಟೆಯೇ ಜೀವಂತವೆಂದು ಉತ್ತರ ಬರೆದೆ. "ಮೂರೂ ಈಗ ನನ್ನ ಹೆಗಲ ಚೀಲದಲ್ಲಿ ಮಡಚಿಕೊಂಡಿವೆ ಮಾಷ್ಟ್ರೇ" ಎಂದು ಮರುದಿನ ಅವನ ಉತ್ತರ ಬಂತು. ನಲುವತ್ತು ವರ್ಷಗಳ ಹಿಂದೆ ನನ್ನ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತು ನನ್ನನ್ನು ಏಮಾರಿಸುತ್ತಿದ್ದವನೇ ಇಂದೂ ಏಮಾರಿಸಿದನಲ್ಲ ಎಂದು ನಗು ಬಂತು.

ಅಲ್ಲಿ ಕಾಡಿನ ಟರ್ಕಿ ಕೋಳಿಗಳನ್ನು ವಸಂತ ಋತುವಿನಲ್ಲಿ ಬೇಟೆಯಾಡುವುದು ಕಾನೂನುಬದ್ಧ ಹವ್ಯಾಸ. ಪರವಾನಿಗೆ ಬೇಕು, ನಿಗದಿಯಾದ ದಿನಗಳು ಬೇಕು, ಇಷ್ಟೇ ಹಕ್ಕಿ ಎಂಬ ಮಿತಿಯೂ ಉಂಟು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಆ ಹಕ್ಕಿ ಅಲ್ಲಿ ಬಹುಪಾಲು ಅಳಿದುಹೋಗಿತ್ತು. 1937ರಲ್ಲಿ ಬಂದ ಒಂದು ಕಾಯಿದೆಯು ಬಂದೂಕು ಮತ್ತು ಮದ್ದುಗುಂಡುಗಳ ಮೇಲಿನ ತೆರಿಗೆಯನ್ನು ವನ್ಯಜೀವಿಗಳ ಪುನರುದ್ಧಾರಕ್ಕೆ ಮೀಸಲಿಟ್ಟಿತು. ಮುಂದೆ, ಉಳಿದ ಕಾಡುಗಳಿಂದ ಹಕ್ಕಿಗಳನ್ನು ಬಲೆಯಲ್ಲಿ ಹಿಡಿದು ಬರಿದಾದ ಕಾಡುಗಳಿಗೆ ಬಿಟ್ಟು ಅವುಗಳ ಸಂತತಿಯನ್ನು ಬೆಳೆಸಿದರು. ಹೀಗಾಗಿ ಅಲ್ಲಿಯ ಬೇಟೆಗಾರನನ್ನು ಇಲ್ಲಿ ಕುಳಿತು ಬೈಯಲು ನನಗೆ ಮನಸ್ಸಿಲ್ಲ.

ಬೇಟೆಯ ಕ್ರಮ ಸ್ವಾರಸ್ಯಕರವಾದುದು. ಬೆಳಕು ಹರಿಯುವ ಮೊದಲೇ ಬೇಟೆಗಾರನು ದಪ್ಪ ಮರವೊಂದಕ್ಕೆ ಬೆನ್ನು ಕೊಟ್ಟು ಕುಳಿತು, ಹೇಂಟೆಯ ಸ್ವರವನ್ನು ಅನುಕರಿಸುತ್ತಾನೆ. ದೂರದ ಹುಂಜ ಮಾರ್ದನಿ ಕೊಡುತ್ತದೆ. ಆದರೆ ಆ ಕುಲದ ಪದ್ಧತಿಯಲ್ಲಿ ಹುಂಜ ಕೂಗಿದಾಗ ಹೇಂಟೆಯೇ ಅದರ ಬಳಿಗೆ ಹೋಗಬೇಕು. ಆದ್ದರಿಂದ ಹುಂಜ ಸ್ವಲ್ಪ ದೂರ ಬಂದು ನಿಂತು, ಕೂಗಿದವಳು ಎಲ್ಲಿ ಎಂದು ಕತ್ತು ಚಾಚಿ ಹುಡುಕುತ್ತದೆ. ಅದರ ಮೂಗು ಮಂದ, ಕಣ್ಣು ಮಾತ್ರ ಬಲು ಚುರುಕು. ಕಿವಿ ಕೇಳಿದ್ದನ್ನು ಕಣ್ಣು ದೃಢಪಡಿಸದಿದ್ದರೆ ಅದು ಬಂದ ದಾರಿಯಲ್ಲೇ ಹಿಂದಿರುಗುವುದು. ಆ ಕೊರತೆಯನ್ನು ತುಂಬಲು ಗೊಂಬೆ ಬೇಕು. ಹೇಂಟೆಯ ಪಕ್ಕದಲ್ಲಿ ಎಳೆಯ ಹುಂಜದ ಗೊಂಬೆಯನ್ನು ನಿಲ್ಲಿಸಿದರೆ ಪ್ರಾಯದ ಹುಂಜಕ್ಕೆ ಮತ್ಸರವೂ ಕೂಡಿ, ಕಾಳಗಕ್ಕೆಂದೇ ಮುನ್ನುಗ್ಗಿ ಬರುತ್ತದೆಯಂತೆ. ಕೋಳಿ ಅಂಕ ನೋಡಿ ಬೆಳೆದ ನಮ್ಮ ತುಳುನಾಡಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ನನ್ನ ಗಮನ ಸೆಳೆದದ್ದು ಗೊಂಬೆಯ ಆಯ್ಕೆಯ ಬಗ್ಗೆ ಅವನು ಬರೆದ ಮಾತು. ಮೊದಲ ವರ್ಷ ಅವನು ಅಂಗಡಿಯಲ್ಲಿ ಅತ್ಯಂತ ನೈಜವಾಗಿ ಕಂಡ ಗೊಂಬೆಯನ್ನೇ ಕೊಂಡನಂತೆ. ಗಟ್ಟಿ ಮೈ, ನಿಜವಾದ ಗರಿಗಳು, ಗಾಜಿನಂತಹ ಕಣ್ಣು. ಅದನ್ನು ಹೊತ್ತು ಎರಡು ಗುಡ್ಡ ಹತ್ತಿದ ಮೇಲೆ ಮೂರನೆಯ ಸಲಕ್ಕೆ ಅದು ಮನೆಯ ಕಪಾಟಿನಲ್ಲೇ ಉಳಿಯಿತು. ಗಾಳಿ ತುಂಬುವ ಹಗುರ ಗೊಂಬೆ ಕೊಂಡರೆ, ಗಾಳಿ ಬೀಸಿದಾಗ ಅದು ಬುಗುರಿಯಂತೆ ತಿರುಗಿ ಹಕ್ಕಿಯನ್ನು ಓಡಿಸಿತು. ಸ್ಪಂಜಿನಂಥ ವಸ್ತುವಿನದು ಮಡಚಿದಲ್ಲಿ ಸುಕ್ಕುಗಟ್ಟಿತು. ಕೊನೆಗೆ ತಲೆಯ ಬಣ್ಣ ಸರಿಯಿರುವ, ಮೈ ಹೊಳೆಯದ, ಸಣ್ಣ ಗೂಟದ ಮೇಲೆ ಮಂದವಾಗಿ ಅಲುಗುವ ಹಗುರ ಗೊಂಬೆಗಳಿಗೆ ಅವನು ಒಗ್ಗಿಕೊಂಡ. ಒಯ್ಯುವಾಗ ಅವನ್ನು ಚೀಲದೊಳಗೆ ಸಂಪೂರ್ಣ ಮುಚ್ಚಿ, ಮೇಲೆ ಕಿತ್ತಳೆ ಬಣ್ಣದ ಬಟ್ಟೆ ಕಟ್ಟಬೇಕಂತೆ. ಗೊಂಬೆ ಅಷ್ಟು ನೈಜವಾದರೆ ಇನ್ನೊಬ್ಬ ಬೇಟೆಗಾರನ ಗುಂಡು ಹೊತ್ತವನಿಗೇ ಬೀಳಬಹುದಲ್ಲ.

ಈ ಪತ್ರವನ್ನು ಓದುವ ಹೊತ್ತಿಗೆ ನಾನೂ ಒಂದು ಗೊಂಬೆಯ ವ್ಯವಹಾರದಲ್ಲಿ ಸಿಲುಕಿ ಸೋತಿದ್ದೆ. ಅದನ್ನು ಹೇಳುವ ಮುನ್ನ ನಮ್ಮ ನಾಡಿನ ಹಳೆಯ ಸಂಗತಿಯೊಂದನ್ನು ನೆನೆಯಬೇಕು.

ಜೀವವಿರುವುದನ್ನು ಮುಂದಿಟ್ಟು ಅದರ ಕುಲದ್ದನ್ನೇ ಸೆಳೆಯುವ ವಿದ್ಯೆ ಕನ್ನಡಿಗರಿಗೆ ಹೊಸತಲ್ಲ. ಅಂತಹ ಪಳಗಿದ ಮೃಗಕ್ಕೆ ಹಳೆಯ ಕನ್ನಡದಲ್ಲಿ 'ದೀವ', 'ದೀಹ' ಎಂಬ ಶಬ್ದಗಳೇ ಇವೆ. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ರಾಜರ ಬೇಟೆಯ ವಿನೋದಗಳನ್ನು ವರ್ಣಿಸುವಲ್ಲಿ ಪಳಗಿಸಿದ ಜಿಂಕೆಯಿಂದ ಕಾಡುಜಿಂಕೆಯನ್ನು ಸೆಳೆಯುವ ವಿಷಯ ಬರುತ್ತದೆ. ಬಯಲುಸೀಮೆಯಲ್ಲಿ ಹಕ್ಕಿ ಹಿಡಿಯುವ ಸಮುದಾಯದವರು ಸಾಕಿದ ಗೌಜಲ ಹಕ್ಕಿಯನ್ನು ಪಂಜರದಲ್ಲಿಟ್ಟು, ಸುತ್ತಲೂ ಉರುಲು ಹೂಡಿ, ಅದರ ಕೂಗಿಗೆ ಕೆರಳಿ ಬಂದ ಕಾಡಿನ ಗೌಜಲವನ್ನು ಹಿಡಿಯುತ್ತಿದ್ದರು. ಗೂಬೆಯನ್ನು ಕಟ್ಟಿ, ಅದನ್ನು ಕುಕ್ಕಲು ಬರುವ ಸಣ್ಣ ಹಕ್ಕಿಗಳನ್ನು ಅಂಟಿಗೆ ಕೆಡಹುವ ಉಪಾಯವೂ ಉಂಟು.

ನಮ್ಮ ಊರಿನಲ್ಲಿ ನಾನು ಕಂಡದ್ದು ಕಾಡುಕೋಳಿಯ ಪ್ರಕರಣ. ಅರುವತ್ತು ವರ್ಷಗಳಿಗಿಂತ ಹಿಂದಿನ ಮಾತು. ಸಿದ್ಧಕಟ್ಟೆಯ ಆಸುಪಾಸಿನ ಗುಡ್ಡಗಳು ಆಗ ಈಗಿನಂತೆ ರಬ್ಬರಿಗೆ ಒಪ್ಪಿಸಲ್ಪಟ್ಟಿರಲಿಲ್ಲ. ನೆರೆಮನೆಯ ಹಿರಿಯರೊಬ್ಬರು ತಮ್ಮ ಸಾಕು ಹುಂಜನ ಕಾಲಿಗೆ ದಾರ ಕಟ್ಟಿ ಪೊದೆಯ ಬಳಿ ಬಿಟ್ಟು, ಸುತ್ತ ಕುದುರೆಬಾಲದ ಕೂದಲಿನ ಉರುಲುಗಳನ್ನು ಹೂಡುತ್ತಿದ್ದರು. ತನ್ನ ಗಡಿಯೊಳಗೆ ಪರಕೀಯನ ಕೂಗು ಕೇಳಿದ ಕಾಡುಹುಂಜ ಗುಡ್ಡದಿಂದ ಇಳಿದು ಬರುತ್ತಿತ್ತು. ನಾನು ಹುಡುಗ, ಉಸಿರು ಬಿಗಿಹಿಡಿದು ನೋಡುತ್ತಿದ್ದೆ. ಉರುಲಿಗೆ ಬಿದ್ದ ಹುಂಜ ರೆಕ್ಕೆ ಬಡಿಯುವಾಗ ಸಾಕುಹುಂಜ ಏನೂ ಆಗಿಲ್ಲವೆಂಬಂತೆ ಕಾಳು ಹೆಕ್ಕುತ್ತಿದ್ದ ದೃಶ್ಯ ಮಾತ್ರ ನನಗೆ ಇಂದಿಗೂ ಹಿತವಾಗಿಲ್ಲ. ಆ ಬೂದು ಕಾಡುಕೋಳಿಯ ಕತ್ತಿನ ಚುಕ್ಕೆಗರಿಗಳು ಒಂದು ಕಾಲದಲ್ಲಿ ಇಂಗ್ಲೆಂಡಿಗೆ ರಫ್ತಾಗುತ್ತಿದ್ದವು. ಅಲ್ಲಿ ಸಾಲ್ಮನ್ ಮೀನನ್ನು ಮರುಳುಗೊಳಿಸುವ ಗಾಳದ ಹುಸಿನೊಣಕ್ಕೆ ಅವನ್ನು ಕಟ್ಟುತ್ತಿದ್ದರು. ಮೋಸಹೋಗಿ ಸತ್ತ ಹಕ್ಕಿಯ ಗರಿ ಇನ್ನೊಂದು ಜೀವವನ್ನು ಮೋಸಗೊಳಿಸಲು ಸಮುದ್ರ ದಾಟಿತು!

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಮತ್ತು 1991ರ ತಿದ್ದುಪಡಿಯ ಬಳಿಕ ಇಂತಹ ಬೇಟೆಗೆ ನಮ್ಮಲ್ಲಿ ಅವಕಾಶವಿಲ್ಲ. ಅದು ಒಳ್ಳೆಯದೇ ಆಯಿತು. ಇಂದು ನಮಗೆ ಗೊಂಬೆ ಬೇಕಾಗಿರುವುದು ಕರೆಯುವುದಕ್ಕಲ್ಲ, ಕಳುಹಿಸುವುದಕ್ಕೆ.

ಕಾರಿಂಜದ ಬೆಟ್ಟದಲ್ಲಿ ಭಕ್ತರು ಮಂಗಗಳಿಗೆ ಕೈಯಾರೆ ಉಣಿಸುವ ಸೀಮೆ ನಮ್ಮದು. ಅದೇ ಭಕ್ತರು ಮನೆಗೆ ಮರಳಿ ತೋಟಕ್ಕೆ ಇಳಿದಾಗ ಕಾಣುವುದು ತೂತಾಗಿ ಬಿದ್ದ ಬೊಂಡಗಳನ್ನು, ಸಿಗಿದ ಬಾಳೆಗೊನೆಯನ್ನು, ಚೀಪಿ ಎಸೆದ ಕೊಕ್ಕೋ ಕಾಯಿಗಳನ್ನು, ಉದುರಿದ ಎಳೆ ಅಡಿಕೆಯನ್ನು. ಇದರ ಮೇಲೆ ಬೈಲಿನ ಗದ್ದೆಗೆ ನವಿಲುಗಳು. ಬೆಳೆರಕ್ಷಣೆಯ ಕೋವಿ ಇದ್ದವರೂ ಮಂಗನಿಗೆ ಗುಂಡಿಡುವಂತಿಲ್ಲ, ಇಡುವ ಮನಸ್ಸೂ ಹೆಚ್ಚಿನವರಿಗೆ ಇಲ್ಲ. ಚುನಾವಣೆ ಬಂದರೆ ಆ ಕೋವಿಯೂ ಠಾಣೆಯಲ್ಲಿ. ಪಟಾಕಿಗೆ ಮಂಗಗಳು ಒಂದು ವಾರದಲ್ಲಿ ಒಗ್ಗಿಕೊಳ್ಳುತ್ತವೆ. ಹೀಗಾಗಿ ಕೆಲವು ವರ್ಷಗಳಿಂದ ನಮ್ಮ ತೋಟಗಳಲ್ಲಿ ಮಕ್ಕಳ ಆಟಿಕೆಯ ಹುಲಿಗಳು ಕಾವಲಿಗೆ ಕುಳಿತಿವೆ.

ನಾನೂ ಒಂದನ್ನು ಮಂಗಳೂರಿನಿಂದ ತಂದೆ. ಸಾವಿರದ ಎಂಟುನೂರು ರೂಪಾಯಿ. ಹಳದಿ ಮಖಮಲ್ಲಿನ ಮೈ, ಕಪ್ಪು ಪಟ್ಟೆ, ಕೆಂಪು ನಾಲಗೆ. ಮೊಮ್ಮಗಳಿಗೆ ಅದರ ಮೇಲೆ ಆಸೆ, ನನಗೆ ಅಡಿಕೆಯ ಮೇಲೆ ಆಸೆ. ಪಂಪಿನ ಶೆಡ್ಡಿನ ಮಾಡಿನ ಮೇಲೆ ಅದನ್ನು ಸ್ಥಾಪಿಸಿದೆ. ಹೌದು, 'ಸ್ಥಾಪಿಸಿದೆ' ಎಂಬುದೇ ಸರಿಯಾದ ಪದ. ನನ್ನ ತಪ್ಪೂ ಅಲ್ಲೇ ಇತ್ತು. ಐದು ದಿನ ಒಂದು ಮಂಗವೂ ಇತ್ತ ಸುಳಿಯಲಿಲ್ಲ. ಆರನೆಯ ದಿನ ತೆಂಗಿನ ತುದಿಯಲ್ಲಿ ಕುಳಿತು ಒಂದು ದಡಿಯ ಗಂಡುಮಂಗ ಗಂಟೆಗಟ್ಟಲೆ ಅದನ್ನೇ ದಿಟ್ಟಿಸಿತು. ಎಂಟನೆಯ ದಿನ ಹುಲಿಯ ಒಂದು ಕಿವಿ ನೆಲದಲ್ಲಿತ್ತು. ಹತ್ತನೆಯ ದಿನಕ್ಕೆ ಮರಿಗಳು ಅದರ ಬೆನ್ನಿನ ಮೇಲೆ ಜಾರುಬಂಡಿ ಆಡುತ್ತಿದ್ದವು.

ಸೋಲಿನ ನಗೆಯಲ್ಲಿ ಇದನ್ನು ಹೇಳಿಕೊಳ್ಳಬಹುದಿತ್ತು. ಆದರೆ ಆ ವಾರದಲ್ಲಿ ಇನ್ನೊಂದು ಸಂಗತಿ ನಡೆಯಿತು. ನಮ್ಮ ತೋಟದ ಕೆಳಗೆ ಮೂವತ್ತು ಸೆಂಟ್ಸ್ ಜಾಗದಲ್ಲಿ ಬಾಳೆಯಿಟ್ಟು ಬದುಕುವ ಒಬ್ಬರು ತಾಯಿ ಇದ್ದಾರೆ. ಅಂಗಳಕ್ಕೆ ಬಂದು, ಬೈಗುಳವೂ ಅಲ್ಲದ ಬೇಡಿಕೆಯೂ ಅಲ್ಲದ ಸ್ವರದಲ್ಲಿ ಅವರೆಂದರು: "ಮಾಷ್ಟ್ರೇ, ನಿಮ್ಮ ಹುಲಿ ಬಂದ ಮೇಲೆ ಮಂಗಗಳು ನಮ್ಮಲ್ಲಿಯೇ ಬಿಡಾರ ಮಾಡಿವೆ ಮಾರಾಯ್ರೆ. ಹದಿನೇಳು ಗೊನೆ ಹೋಯಿತು." ನಾನು ಐದು ದಿನ ಸಂತೋಷಪಟ್ಟ ಆ ಶಾಂತಿಯ ಲೆಕ್ಕ ಅವರ ಅಂಗಳದಲ್ಲಿ ಬರೆಯಲ್ಪಡುತ್ತಿತ್ತು. ಮಂಗಗಳಿಗೆ ಹೊಟ್ಟೆಯಿದೆ, ನಾನು ಓಡಿಸಿದ್ದು ಮಂಗಗಳನ್ನು, ಅವುಗಳ ಹಸಿವನ್ನಲ್ಲ. ಸಾವಿರದ ಎಂಟುನೂರು ಕೊಡಬಲ್ಲವನ ತೋಟದಿಂದ ಕೊಡಲಾಗದವರ ತೋಟಕ್ಕೆ ನಾನು ದಾರಿ ತೋರಿಸಿದ್ದೆ. ಹದಿನೇಳು ಗೊನೆಯ ಬೆಲೆ ಕೊಡಲು ಹೋದರೆ ಅವರು ತೆಗೆದುಕೊಳ್ಳಲಿಲ್ಲ.

ವಿದ್ಯಾರ್ಥಿಯ ಪತ್ರ ಬಂದದ್ದು ಅದರ ಮರುವಾರ. ಅಂದಿನಿಂದ ನಾನು ಗೊಂಬೆಗಳ ವಿಷಯವನ್ನು ಸ್ವಲ್ಪ ಗಂಭೀರವಾಗಿಯೇ ಓದಿದೆ, ಕೇಳಿದೆ, ಮಾಡಿ ನೋಡಿದೆ.

ಅಂಗಡಿಯವನು 'ಎಷ್ಟು ನೈಜವಾಗಿದೆ ನೋಡಿ' ಎಂದಾಗ ಅವನು ಕೇಳುತ್ತಿರುವುದು ನಮ್ಮ ಕಣ್ಣನ್ನು. ತೋಟದಲ್ಲಿ ಪರೀಕ್ಷೆ ಕೊಡುವುದು ಮಂಗನ ಕಣ್ಣಿಗೆ. ರಿಚರ್ಡ್ ಕಾಸ್ ಮತ್ತು ಉಮಾ ರಾಮಕೃಷ್ಣನ್ ಎಂಬ ಸಂಶೋಧಕರು ದಕ್ಷಿಣ ಭಾರತದಲ್ಲಿ, ನಮ್ಮ ತೋಟಕ್ಕೆ ಬರುವ ಇದೇ ಜಾತಿಯ ಮಂಗಗಳಿಗೆ ಚಿರತೆಯ ಮಾದರಿಗಳನ್ನು ತೋರಿಸಿ ಅವುಗಳ ವರ್ತನೆಯನ್ನು ಅಭ್ಯಸಿಸಿದ್ದಾರೆ. 2000ದಲ್ಲಿ ಪ್ರಕಟವಾದ ಅವರ ಲೇಖನದ ಪ್ರಕಾರ, ಮೈಯೆಲ್ಲ ಕಪ್ಪಾದ ಮಾದರಿಗಿಂತ ಚುಕ್ಕಿಗಳಿದ್ದ ಮಾದರಿಗೆ ಮಂಗಗಳು ಹೆಚ್ಚು ಬೆದರಿದವು. ಪೊದೆಯ ಮರೆಯಲ್ಲಿ ಅರ್ಧ ಅಡಗಿದ ಚಿರತೆಯ ಕುರಿತ 2005ರ ಲೇಖನದಲ್ಲಿ, ಹಿಂಭಾಗಕ್ಕಿಂತ ಮುಖವಿರುವ ಮುಂಭಾಗವೇ ಹೆಚ್ಚು ಭಯ ಹುಟ್ಟಿಸಿತೆಂದು ಕಂಡುಬಂದಿತು. ಅಂದರೆ ಮಂಗನು ಮಖಮಲ್ಲನ್ನು ನೋಡುವುದಿಲ್ಲ, ಮೀಸೆಯನ್ನು ಎಣಿಸುವುದಿಲ್ಲ. ಅವನು ನೋಡುವುದು ಚುಕ್ಕಿಯನ್ನು, ಮುಖವನ್ನು. ನಮ್ಮ ಊರ ಬಾವಿಗಳಿಗೆ ಆಗಾಗ ಬೀಳುವುದೂ ಚಿರತೆಯೇ ಹೊರತು ಪಟ್ಟೆಹುಲಿಯಲ್ಲ. ನವರಾತ್ರಿಯ ಹುಲಿವೇಷದಲ್ಲಿ ಪಟ್ಟೆಪಿಲಿಗೂ ಚಿಟ್ಟೆಪಿಲಿಗೂ ವ್ಯತ್ಯಾಸ ಬಲ್ಲ ನಾವು ಅಂಗಡಿಗೆ ಹೋದಾಗ ಮಾತ್ರ ಅದನ್ನು ಮರೆತೆವು!

ಅತಿಯಾದ ಅಂದವೂ ಕೆಲಸ ಕೆಡಿಸುತ್ತದೆ. 'ಪಂಚವಟಿ' ಪ್ರಸಂಗದ ಮಾಯಾಮೃಗವನ್ನು ನೆನೆಯಿರಿ. ಚಿನ್ನದ ಮೈ, ರತ್ನದ ಚುಕ್ಕಿ. ಇಂತಹ ಜಿಂಕೆ ಲೋಕದಲ್ಲೇ ಇಲ್ಲ, ಇದು ಮಾರೀಚನೇ ಸರಿ ಎಂದು ಲಕ್ಷ್ಮಣ ಅಲ್ಲೇ ಹೇಳಿಬಿಟ್ಟ. ಕಾಡನ್ನು ಬಲ್ಲ ಕಣ್ಣಿಗೆ ಮಾರೀಚನ ವೇಷ ನಿಲ್ಲಲಿಲ್ಲ. ಆದರೂ ಅವನ ಕೆಲಸ ಸಾಗಿತು, ಏಕೆಂದರೆ ಅವನು ಒಂದೆಡೆ ನಿಲ್ಲಲಿಲ್ಲ. ಕಂಡು, ಮರೆಯಾಗಿ, ಮತ್ತೊಂದೆಡೆ ಕಂಡು ರಾಮನನ್ನು ದೂರ ಎಳೆದೊಯ್ದ.

ಈ ಚಲನೆಯ ಗುಟ್ಟನ್ನು ತೀರ್ಥಹಳ್ಳಿ ತಾಲೂಕಿನ ನಾಲೂರಿನ ಕೃಷಿಕರೊಬ್ಬರು ಬೇರೊಂದು ರೀತಿಯಲ್ಲಿ ಕಂಡುಕೊಂಡರು. ಹುಲಿಯ ಗೊಂಬೆಗಳ ಬಣ್ಣ ಬಿಸಿಲಿಗೆ ಮಾಸಿದ್ದನ್ನು ನೋಡಿ, ತಮ್ಮ ಸಾಕುನಾಯಿಗೇ ಕೂದಲಿಗೆ ಹಚ್ಚುವ ಬಣ್ಣದಿಂದ ಪಟ್ಟೆ ಬರೆದು, ಬೆಳಿಗ್ಗೆ ಸಂಜೆ ತೋಟದಲ್ಲಿ ತಿರುಗಾಡಿಸಿದರು. 2019ರ ಕೊನೆಯಲ್ಲಿ ಪತ್ರಿಕೆಗಳು ಆ ನಾಯಿಯ ಚಿತ್ರವನ್ನು ನಗುತ್ತ ಪ್ರಕಟಿಸಿದವು. ನಾನೂ ಆಗ ನಕ್ಕವನೇ. ಈಗ ಯೋಚಿಸಿದರೆ ಆ ಕೃಷಿಕರು ನಮ್ಮೆಲ್ಲರಿಗಿಂತ ಮುಂದಿದ್ದರೆಂದು ತೋರುತ್ತದೆ. ಪಟ್ಟೆಯ ಸೊಗಸಿಗಿಂತ ನಾಯಿಯ ನಾಲ್ಕು ಕಾಲುಗಳೇ ಅಲ್ಲಿ ಹೆಚ್ಚಿನ ಕೆಲಸ ಮಾಡಿರಬೇಕು. ನಾಯಿಯ ಚರ್ಮಕ್ಕೆ ಆ ಬಣ್ಣ ಹಿತವೇ ಎಂಬ ಸಂದೇಹ ನನಗಿರುವುದರಿಂದ ಆ ದಾರಿಯನ್ನು ನಾನು ಹಿಡಿಯಲಿಲ್ಲ.

ಆದುದರಿಂದ ನನ್ನ ಅಭಿಪ್ರಾಯ ಸ್ಪಷ್ಟ. ನೈಜತೆ ಮತ್ತು ಹಗುರತನಗಳ ನಡುವೆ ಒಂದನ್ನು ಬಿಡಬೇಕಾದರೆ ಮೊದಲು ಬಿಡಬೇಕಾದದ್ದು ನೈಜತೆಯನ್ನು. ಎಪ್ಪತ್ತು ದಾಟಿದವರು ಒಂದು ಕೈಯಲ್ಲಿ ಟಾರ್ಚು, ಇನ್ನೊಂದು ಕಂಕುಳಲ್ಲಿ ಗೊಂಬೆ ಹಿಡಿದು ಕಟ್ಟಪುಣಿ ದಾಟಬಲ್ಲಷ್ಟು ಅದು ಹಗುರವಾಗಿರಬೇಕು. ಹೊರಲಾಗದ ಗೊಂಬೆಯನ್ನು ನಾವು ಸರಿಸುವುದಿಲ್ಲ, ಸರಿಸದ ಗೊಂಬೆಯನ್ನು ಮಂಗ ನಂಬುವುದಿಲ್ಲ. ಹಿಂದೆ ಗದ್ದೆಯಲ್ಲಿ ನಿಲ್ಲಿಸುತ್ತಿದ್ದ ಬೆರ್ಚಪ್ಪನಿಗೂ ಇದೇ ಗತಿಯಾಗುತ್ತಿತ್ತು. ಸುಣ್ಣದ ಬೊಟ್ಟಿಟ್ಟ ಅವನ ಮಡಕೆಯ ತಲೆಯ ಮೇಲೆ ಕಾಗೆ ಕೂತದ್ದನ್ನು ಎಷ್ಟು ಸಲ ನೋಡಿಲ್ಲ!

ನಾನು ಮಾಡಿದ್ದು ಇಷ್ಟು. ಅಗಲವಾದ ಮೂರು ಅಡಿಕೆ ಹಾಳೆಗಳನ್ನು ನೀರಿನಲ್ಲಿ ನೆನೆಸಿ, ಚಪ್ಪಟೆಯಾಗಿ ಒತ್ತಿ ಒಣಗಿಸಿ, ಒಂದರ ಪಕ್ಕ ಒಂದನ್ನು ಹೊಲಿದೆ. ಮುಖ ಮತ್ತು ಎದೆ ಮಾತ್ರ, ಹಿಂಭಾಗವೇ ಇಲ್ಲ. ಹಾಳೆಯ ಸಹಜ ಬಣ್ಣವೇ ಚಿರತೆಯ ಮೈಗೆ ಸಾಕಷ್ಟು ಹತ್ತಿರ. ಅದರ ಮೇಲೆ ಹೊಳಪಿಲ್ಲದ ಕಪ್ಪು ಬಣ್ಣದಲ್ಲಿ ಚುಕ್ಕಿಗಳನ್ನು ಬರೆದೆ. ಕಪ್ಪು ಹಲಗೆಯ ಮೇಲೆ ಮೂವತ್ತು ವರ್ಷ ಪ್ರಾಣಿಗಳ ಚಿತ್ರ ಬರೆದ ಕೈಗೆ ಅದು ಕಷ್ಟವಾಗಲಿಲ್ಲ. ಬೆನ್ನಿಗೆ ಬೆತ್ತದ ಒಂದು ಹಿಡಿಕೆ ಕಟ್ಟಿದೆ. ತೂಕ ಒಂದು ಕಿಲೋಗ್ರಾಮಿಗೂ ಕಡಿಮೆ. ಮಳೆಗಾಲಕ್ಕೆ ಇದು ಆಗದು, ಹಾಳೆ ಬೂಷ್ಟು ಹಿಡಿಯುತ್ತದೆ. ಆಗ ಹಳೆಯ ಪ್ಲಾಸ್ಟಿಕ್ ಹಾಳೆಯ ಮೇಲೆ ಇದೇ ಮುಖವನ್ನು ಬರೆಯಬಹುದು.

ಅದಕ್ಕಿಂತಲೂ ಮುಖ್ಯವಾದುದು ಅದನ್ನು ಇಡುವ ಕ್ರಮ. ಮಂಗಗಳು ನೋಡುತ್ತಿರುವಾಗ ಎಂದಿಗೂ ಒಯ್ಯಬಾರದು. ಮಾಷ್ಟ್ರು ಕಂಕುಳಲ್ಲಿ ಹಿಡಿದು ತಂದ ಚಿರತೆಗೆ ಯಾವ ಮಂಗ ಹೆದರೀತು? ರಾತ್ರಿ ಅವು ಮರದಲ್ಲಿ ಮಲಗಿದ ಮೇಲೆ ಅಥವಾ ಬೆಳಕು ಹರಿಯುವ ಮುಂಚೆ, ಅಮೆರಿಕದ ನನ್ನ ಶಿಷ್ಯನಂತೆ ಕತ್ತಲಲ್ಲೇ ಹೋಗಿ ಇಡಬೇಕು. ಬಯಲಲ್ಲಿ ನಿಲ್ಲಿಸದೆ ಪೊದೆಯ ಮರೆಯಲ್ಲಿ ಅರ್ಧ ಮುಖ ಕಾಣುವಂತೆ ಇಡಬೇಕು. ಒಂದೇ ಜಾಗದಲ್ಲಿ ಎರಡು ದಿನ ಸಲ್ಲದು. ಎರಡು ವಾರಗಳ ಬಳಿಕ ಪೂರ್ತಿ ಹಿಂದೆಗೆದು ಅಟ್ಟದಲ್ಲಿಡಬೇಕು. ಇಷ್ಟೆಲ್ಲ ಮಾಡಿದ ಮೇಲೂ ಮಂಗಗಳು ಬರುವುದೇ ಇಲ್ಲವೆಂದು ನಾನು ಹೇಳಲಾರೆ. ಮೊದಲು ದಿನವೂ ಬರುತ್ತಿದ್ದವು ಈಗ ವಾರಕ್ಕೆ ಒಂದೆರಡು ಸಲ ಬರುತ್ತವೆ. ಬಂದರೂ ಅಂಜುತ್ತ ಅಂಚಿನಲ್ಲೇ ತಿಂದು ಹೋಗುತ್ತವೆ. ಗುಡ್ಡದಲ್ಲಿ ಹಲಸು, ಪುನರ್ಪುಳಿ, ನೇರಳೆಗಳನ್ನು ಕಡಿದು ರಬ್ಬರು ನೆಟ್ಟವರು ನಾವು, ಅಷ್ಟನ್ನಾದರೂ ಅವುಗಳಿಗೆ ಬಿಟ್ಟುಕೊಡುವುದು ನ್ಯಾಯವೇ.

'ಅದೆಲ್ಲ ಯಾಕೆ ಮಾಷ್ಟ್ರೇ, ಎಲ್ಲರೂ ಒಂದೊಂದು ಕೊಂಡರೆ ಆಯಿತಲ್ಲ' ಎಂದು ಸ್ನೇಹಿತರೊಬ್ಬರು ಹೇಳಿದರು. ನಾನು ಒಪ್ಪುವುದಿಲ್ಲ. ಮನೆಗೊಂದು ಗೊಂಬೆ ಕುಳಿತರೆ ಹದಿನೈದು ದಿನಗಳಲ್ಲಿ ಇಡೀ ಬೈಲಿನ ಮಂಗಗಳು ಗೊಂಬೆಯ ಪಾಠವನ್ನು ಕಲಿತು ಮುಗಿಸುತ್ತವೆ. ಐದಾರು ಮನೆಗಳಿಗೆ ಒಂದೋ ಎರಡೋ ಇದ್ದು, ಅವು ಮನೆಯಿಂದ ಮನೆಗೆ ಅಲೆಯುತ್ತಿದ್ದರೆ ಮಾತ್ರ ಮಂಗನಿಗೆ ಅನುಮಾನ ಉಳಿಯುತ್ತದೆ. ಹಾಗೆ ಅಲೆಯುವ ಗೊಂಬೆಯಿಂದ ಒಬ್ಬರ ನಷ್ಟವೆಲ್ಲ ಇನ್ನೊಬ್ಬರ ತಲೆಗೆ ಕಟ್ಟಲ್ಪಡುವುದೂ ತಪ್ಪುತ್ತದೆ. ಗೊಂಬೆಯ ಪಾಳಿ ಮೊದಲು ಸಲ್ಲಬೇಕಾದದ್ದು ಕಡಿಮೆ ಭೂಮಿ ಇರುವವರಿಗೆ, ಏಕೆಂದರೆ ಹದಿನೇಳು ಗೊನೆ ನನಗೆ ಒಂದು ಸುದ್ದಿ, ಅವರಿಗೆ ಒಂದು ತಿಂಗಳು.

ನಮ್ಮ ಬೈಲಿನಲ್ಲಿ ಈಗ ಐದು ಮನೆಗಳವರು ಇದಕ್ಕೆ ಒಪ್ಪಿದ್ದಾರೆ. ಒಬ್ಬರು ನವಿಲಿಗೂ ಇದು ಆಗುತ್ತದೆಯೇ ಎಂದು ಪರೀಕ್ಷಿಸಲು ಸುಗ್ಗಿಯ ಗದ್ದೆಗೆ ಒಯ್ಯುವವರಿದ್ದಾರೆ. ಮೂರು ದಿನಗಳಿಂದ ಚಿರತೆ ಕೆಳಗಿನ ಮನೆಯ ಬಾಳೆಯ ನಡುವೆ ಇದೆ. ನಿನ್ನೆ ಸಂಜೆ ಆ ತಾಯಿ ಹಾದಿಯಲ್ಲಿ ಸಿಕ್ಕಿ, "ಬುಧವಾರ ಕೊಡುತ್ತೇನೆ ಮಾಷ್ಟ್ರೇ, ಒಂದು ಕಣ್ಣಿನ ಬಣ್ಣ ಸ್ವಲ್ಪ ಹೋಗಿದೆ, ಬರೆದು ಇಡಿ" ಎಂದರು. ಬಣ್ಣದ ಡಬ್ಬಿಯ ಮುಚ್ಚಳ ಬಿಗಿಯಾಗಿ ಕೂತುಬಿಟ್ಟಿದೆ, ಬುಧವಾರದೊಳಗೆ ತೆಗೆಯಬೇಕು.